ಮಕ್ಕಳ ಚರ್ಮರೋಗ ಸಂಶೋಧನೆಗೆ ದುಡ್ಡು ಕೊಡೋರು ಯಾರು? ಅನುದಾನ, ಫೆಲೋಶಿಪ್ ಬಗ್ಗೆ ತಿಳಿಯಬೇಕಾದ ಮಾಹಿತಿ

ಸಂತೆ ದಿನ ಯಾವುದಾದರೂ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಮಗುವಿನ ಕೈ ಮುಂದೆ ಚಾಚಿ "ಅಣ್ಣ, ಇದಕ್ಕೊಂದು ಟ್ಯೂಬ್ ಕೊಡಿ" ಅನ್ನೋ ತಾಯಂದಿರು ಖಂಡಿತ ಸಿಗ್ತಾರೆ. ಕಜ್ಜಿ, ಹುಳುಕಡ್ಡಿ, ಇಸುಬು, ಬೆವರುಸಾಲೆ ಎಲ್ಲಕ್ಕೂ ಒಂದೇ ಟ್ಯೂಬ್ ಆಗಲ್ಲ ಅನ್ನೋದು ನಮಗೆಲ್ಲ ಅಲ್ಪಸ್ವಲ್ಪ ಗೊತ್ತು. ಆದ್ರೆ ಯಾವ ಟ್ಯೂಬ್ ಯಾವುದಕ್ಕೆ, ಎಷ್ಟು ದಿನ, ಎಷ್ಟು ವಯಸ್ಸಿನ ಮಗುವಿಗೆ ಅಂತ ಮೊದಲು ಕಂಡುಹಿಡಿದವರು ಯಾರು? ಅದಕ್ಕೆ ಖರ್ಚು ಕೊಟ್ಟವರು ಯಾರು?

ಈ ಪ್ರಶ್ನೆ ದೂರದ ಲ್ಯಾಬೊರೇಟರಿಗೆ ಮಾತ್ರ ಸಂಬಂಧಪಟ್ಟಿದ್ದಲ್ಲ. ಸಂಶೋಧನೆಗೆ ದುಡ್ಡು ಸಿಕ್ಕ ಕಾಯಿಲೆಗೆ ಉತ್ತರ ಸಿಗುತ್ತೆ, ಸಿಗದ ಕಾಯಿಲೆಗೆ ಅಂದಾಜಿನ ಔಷಧ ನಡೆಯುತ್ತೆ. ಅಂದಾಜಿನ ಬೆಲೆ ತೆರೋದು ನಮ್ಮ ಮಕ್ಕಳ ಚರ್ಮ. ವೈದ್ಯಕೀಯ ಓದುತ್ತಿರೋ ಮಕ್ಕಳು ಈಗ ಬಹುತೇಕ ಊರಲ್ಲೂ ಇದ್ದಾರೆ. ಅವರಿಗೆ, ಅವರ ಪೋಷಕರಿಗೆ, ಅಂಗಡಿಯವರಿಗೆ ಮತ್ತು ಚರ್ಮದ ಕಾಯಿಲೆ ಇರೋ ಮಗುವಿನ ಮನೆಯವರಿಗೆ ಉಪಯೋಗವಾಗಲಿ ಅಂತ ಈ ಮಾಹಿತಿ.

ಅನುದಾನ ಬೇರೆ, ಫೆಲೋಶಿಪ್ ಬೇರೆ

ಎರಡನ್ನೂ ಒಂದೇ ಅಂದುಕೊಳ್ಳೋರೇ ಜಾಸ್ತಿ. ಅನುದಾನ ಅಂದ್ರೆ ಒಂದು ಕೆಲಸಕ್ಕೆ ಕೊಡೋ ಹಣ. ಇಂಥ ಪ್ರಶ್ನೆಗೆ, ಇಷ್ಟು ಮಕ್ಕಳನ್ನು ಪರೀಕ್ಷಿಸಿ, ಇಷ್ಟು ತಿಂಗಳಲ್ಲಿ ಉತ್ತರ ಹುಡುಕ್ತೀವಿ ಅಂತ ಬರೆದುಕೊಟ್ಟರೆ, ಪರೀಕ್ಷೆ, ಸಾಮಗ್ರಿ, ಸಿಬ್ಬಂದಿ ಸಂಬಳ, ಓಡಾಟದ ಖರ್ಚಿಗೆ ಹಣ ಬರುತ್ತೆ. ಫೆಲೋಶಿಪ್ ಅಂದ್ರೆ ಒಬ್ಬ ವ್ಯಕ್ತಿಗೆ ಕೊಡೋ ಬೆಂಬಲ. ಆತ ಅಥವಾ ಆಕೆ ಬೇರೆ ಚಿಂತೆ ಇಲ್ಲದೆ ಒಂದು ವಿಷಯದಲ್ಲಿ ತರಬೇತಿ ಪಡೆಯಲಿ, ಸಂಶೋಧನೆ ಮಾಡಲಿ ಅಂತ ತಿಂಗಳ ಸ್ಟೈಪೆಂಡ್ ಕೊಡ್ತಾರೆ.

ಅನುದಾನದ ಹಣ ಸಾಮಾನ್ಯವಾಗಿ ಡಾಕ್ಟರ ಜೇಬಿಗೆ ಹೋಗಲ್ಲ. ಅವರು ಕೆಲಸ ಮಾಡೋ ಕಾಲೇಜು ಅಥವಾ ಆಸ್ಪತ್ರೆಯ ಖಾತೆಗೆ ಬರುತ್ತೆ. ಗ್ರಾಮ ಪಂಚಾಯ್ತಿ ಕಾಮಗಾರಿ ಮುಗಿದ ಮೇಲೆ ಬಳಕೆ ಪ್ರಮಾಣಪತ್ರ ಕೊಡೋ ಹಾಗೆ ಇಲ್ಲೂ ಕೊಡಬೇಕು. ವರದಿ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತೆ.

ಮಕ್ಕಳ ಚರ್ಮಕ್ಕೆ ಪ್ರತ್ಯೇಕ ಸಂಶೋಧನೆ ಯಾಕೆ?

ಮಗು ಅಂದ್ರೆ ಚಿಕ್ಕ ಗಾತ್ರದ ದೊಡ್ಡವರಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚು. ಅವಧಿಗೆ ಮೊದಲೇ ಹುಟ್ಟಿದ ಶಿಶುವಿನ ಚರ್ಮ ಇನ್ನೂ ಬಲಿತಿರಲ್ಲ. ಹಾಗಾಗಿ ಮೇಲೆ ಹಚ್ಚಿದ ಔಷಧ ರಕ್ತಕ್ಕೆ ಸೇರೋ ಪ್ರಮಾಣ ಮಕ್ಕಳಲ್ಲಿ ಜಾಸ್ತಿ. ದೊಡ್ಡವರ ಮೇಲೆ ಪರೀಕ್ಷಿಸಿದ ಲೆಕ್ಕವನ್ನು ಮಗುವಿಗೆ ಹಾಗೇ ಹಾಕೋಕೆ ಆಗಲ್ಲ.

ಇನ್ನೊಂದು ಕಾರಣ ವ್ಯಾಪಾರದ್ದು. ಹಳೇ ಅಗ್ಗದ ಔಷಧವನ್ನು ಮತ್ತೆ ಪರೀಕ್ಷೆ ಮಾಡಿಸಿದರೆ ಕಂಪನಿಗೆ ಲಾಭ ಕಡಿಮೆ. ಲಕ್ಷದಲ್ಲಿ ಒಬ್ಬರಿಗೆ ಬರೋ ಕಾಯಿಲೆಗೆ ಗಿರಾಕಿಗಳೇ ಕಡಿಮೆ. ಇಂಥ ಕಡೆ ಸರ್ಕಾರ, ವೈದ್ಯರ ಸಂಘ, ಪೋಷಕರ ಸಂಸ್ಥೆಗಳು ದುಡ್ಡು ಹಾಕದಿದ್ದರೆ ಕೆಲಸ ನಡೆಯೋದೇ ಕಷ್ಟ.

ಸಂಶೋಧನೆಯಿಂದ ಸಿಕ್ಕಿದ್ದೇನು? ನಾಲ್ಕು ಉದಾಹರಣೆ

ಮೊದಲನೆಯದು ಕಜ್ಜಿ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಮೂರು ಕಡೆ ಮೂರು ವಿಧಾನ ಹೋಲಿಸಿ ನೋಡಿದರು. ಖರ್ಚು ಕೊಟ್ಟಿದ್ದು ಆಸ್ಟ್ರೇಲಿಯಾ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ. ಒಂದು ಕಡೆ ಕಜ್ಜಿ ಇದ್ದವರಿಗೆ ಮತ್ತು ಅವರ ಸಂಪರ್ಕದಲ್ಲಿದ್ದವರಿಗೆ ಮಾತ್ರ ಪರ್ಮೆಥ್ರಿನ್ ಕ್ರೀಮ್, ಇನ್ನೊಂದು ಕಡೆ ಊರಿನ ಎಲ್ಲರಿಗೂ ಪರ್ಮೆಥ್ರಿನ್ ಕ್ರೀಮ್, ಮತ್ತೊಂದು ಕಡೆ ಊರಿನ ಎಲ್ಲರಿಗೂ ಐವರ್ಮೆಕ್ಟಿನ್ ಮಾತ್ರೆ. ಒಂದು ವರ್ಷದ ನಂತರ ಮೊದಲ ಗುಂಪಿನಲ್ಲಿ ಕಜ್ಜಿ ಶೇ. 36.6ರಿಂದ 18.8ಕ್ಕೆ ಇಳಿದಿತ್ತು. ಎಲ್ಲರಿಗೂ ಕ್ರೀಮ್ ಕೊಟ್ಟ ಕಡೆ ಶೇ. 41.7ರಿಂದ 15.8ಕ್ಕೆ. ಎಲ್ಲರಿಗೂ ಮಾತ್ರೆ ಕೊಟ್ಟ ಕಡೆ ಶೇ. 32.1ರಿಂದ 1.9ಕ್ಕೆ! 2015ರಲ್ಲಿ ಈ ಫಲಿತಾಂಶ ಪ್ರಕಟವಾಯ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾಗಂತ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಕೊಡಲ್ಲ. ಒಬ್ಬರಿಗೆ ಮಾತ್ರ ಔಷಧ ಹಚ್ಚಿದರೆ ಸಾಲದು, ಮನೆಮಂದಿಗೆಲ್ಲ ಒಟ್ಟಿಗೇ ಚಿಕಿತ್ಸೆ ಆಗಬೇಕು ಅನ್ನೋದು ನಾವು ಇದರಿಂದ ತಿಳಿಯಬೇಕಾದ ಪಾಠ.

ಎರಡನೆಯದು ರಕ್ತನಾಳದ ಗಂಟು. ಕೆಲವು ಶಿಶುಗಳಿಗೆ ಹುಟ್ಟಿದ ಕೆಲವೇ ವಾರದಲ್ಲಿ ಕೆಂಪು ಉಬ್ಬು ಬೆಳೆಯುತ್ತೆ. ಇದಕ್ಕೆ ಹೆಮಾಂಜಿಯೋಮಾ ಅಂತಾರೆ. ಫ್ರಾನ್ಸಿನ ಬೋರ್ಡೋ ನಗರದ ವೈದ್ಯೆ ಕ್ರಿಸ್ಟಿನ್ ಲೋತೆ-ಲಬ್ರೇಜ್ ಮತ್ತವರ ತಂಡ, ಹೃದಯದ ತೊಂದರೆಗೆ ಪ್ರೊಪ್ರನಲಾಲ್ ಕೊಟ್ಟ ಮಗುವಿನ ಗಂಟು ಇಳಿಯುತ್ತಿರೋದನ್ನು ಗಮನಿಸಿ 2008ರಲ್ಲಿ ವರದಿ ಮಾಡಿತು. 1960ರ ದಶಕದಿಂದ ಬಳಕೆಯಲ್ಲಿದ್ದ ಹಳೇ ಔಷಧ ಅದು. ಗಮನಿಸೋಕೆ ದುಡ್ಡು ಬೇಕಾಗಲಿಲ್ಲ, ಆದರೆ ಸಾಬೀತು ಮಾಡೋಕೆ ಬೇಕಾಯ್ತು. ಮುಂದೆ 460 ಶಿಶುಗಳ ಮೇಲೆ ಔಷಧ ಕಂಪನಿಯೊಂದರ ಖರ್ಚಿನಲ್ಲಿ ನಡೆದ ಅಧ್ಯಯನದಲ್ಲಿ, ಆರು ತಿಂಗಳು ಸರಿಯಾದ ಪ್ರಮಾಣದಲ್ಲಿ ಔಷಧ ಪಡೆದವರ ಪೈಕಿ ಶೇ. 60 ಮಕ್ಕಳಲ್ಲಿ ಗಂಟು ಪೂರ್ತಿ ಅಥವಾ ಬಹುತೇಕ ಮಾಯವಾಗಿತ್ತು. ಔಷಧವಿಲ್ಲದ ಗುಂಪಿನಲ್ಲಿ ಅದು ಶೇ. 4 ಮಾತ್ರ. ಇದು ನಾಡಿಬಡಿತ, ಸಕ್ಕರೆ ಅಂಶ ಇಳಿಸಬಲ್ಲ ಔಷಧ, ಹಾಗಾಗಿ ವೈದ್ಯರ ಕಣ್ಗಾವಲಲ್ಲೇ ಕೊಡಬೇಕು.

ಮೂರನೆಯದು ಇಸುಬು. ಹುಟ್ಟಿದಾಗಿನಿಂದ ದಿನಾ ಮಾಯಿಶ್ಚರೈಸರ್ ಹಚ್ಚಿದರೆ ಇಸುಬು ಬರೋದನ್ನೇ ತಡೆಯಬಹುದಾ? ಬ್ರಿಟನ್‌ನಲ್ಲಿ ಸರ್ಕಾರಿ ಸಂಶೋಧನಾ ನಿಧಿಯಿಂದ 1,394 ನವಜಾತ ಶಿಶುಗಳ ಮೇಲೆ ಇದನ್ನು ಪರೀಕ್ಷಿಸಿದರು. 2020ರಲ್ಲಿ ಬಂದ ಉತ್ತರ: ಇಲ್ಲ. ಎರಡು ವರ್ಷ ತುಂಬಿದಾಗ ಹಚ್ಚಿದವರಲ್ಲಿ ಶೇ. 23, ಹಚ್ಚದವರಲ್ಲಿ ಶೇ. 25 ಮಕ್ಕಳಿಗೆ ಇಸುಬು ಇತ್ತು. ಅಂದ್ರೆ ಹೆಚ್ಚುಕಡಿಮೆ ಒಂದೇ. ಈಗಾಗಲೇ ಇಸುಬು ಇರೋ ಮಗುವಿಗೆ ಮಾಯಿಶ್ಚರೈಸರ್ ಬೇಕೇ ಬೇಕು, ಅದು ಬೇರೆ ಮಾತು. ಆದ್ರೆ ಬರದಿರಲಿ ಅಂತ ದುಬಾರಿ ಬಾಟಲಿ ಕೊಳ್ಳೋ ಅಗತ್ಯ ಇಲ್ಲ. "ಇಲ್ಲ" ಅನ್ನೋ ಉತ್ತರವೂ ಬಡವರ ದುಡ್ಡು ಉಳಿಸುತ್ತೆ.

ನಾಲ್ಕನೆಯದು ನಮ್ಮ ದೇಶದ್ದೇ, ಸ್ಟಿರಾಯ್ಡ್ ಕ್ರೀಮ್. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗೆ ಬಂದ 2,926 ಜನರನ್ನು ವಿಚಾರಿಸಿದಾಗ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಕ್ರೀಮ್ ಹಚ್ಚಿಕೊಳ್ಳುತ್ತಿದ್ದರು. 2011ರಲ್ಲಿ ಈ ವರದಿ ಬಂತು. ಇದು ಮಕ್ಕಳದ್ದು ಮಾತ್ರ ಅಲ್ಲ, ದೊಡ್ಡವರದ್ದೂ ಸೇರಿದ ಲೆಕ್ಕ. ಚರ್ಮವೈದ್ಯರ ಸಂಘ ಬಹಳ ವರ್ಷ ಬೆನ್ನುಬಿದ್ದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇನ್ನೂ 14 ಬಗೆಯ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದ್ರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಇಲ್ಲಿ ದೊಡ್ಡ ಯಂತ್ರ ಇರಲಿಲ್ಲ, ಹನ್ನೆರಡು ಕಡೆ ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಿದರು, ಅಷ್ಟೇ.

ನಮ್ಮಲ್ಲಿ ಯಾರಿಗೆ, ಎಲ್ಲಿಂದ ಸಿಗುತ್ತೆ?

ಎಂಬಿಬಿಎಸ್, ಬಿಡಿಎಸ್ ಓದುತ್ತಿರೋರಿಗೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, 1979ರಿಂದ ಅಲ್ಪಾವಧಿ ವಿದ್ಯಾರ್ಥಿ ಯೋಜನೆ ನಡೆಸುತ್ತಿದೆ. ಎಸ್‌ಟಿಎಸ್ ಅಂತ ಕಾಲೇಜಿನಲ್ಲಿ ಕೇಳಿದರೆ ಗೊತ್ತಾಗುತ್ತೆ. ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಣ್ಣ ಅಧ್ಯಯನ ಮಾಡಬೇಕು. ವರದಿ ಒಪ್ಪಿಗೆಯಾದರೆ ಸ್ಟೈಪೆಂಡ್, ಪ್ರಮಾಣಪತ್ರ ಎರಡೂ ಸಿಗುತ್ತೆ. ಸಂಶೋಧನೆಗೆ ಕಾಲಿಡೋರಿಗೆ ಇದೇ ಮೊದಲ ಮೆಟ್ಟಿಲು.

ಎಂಡಿ ಓದುತ್ತಿರೋರಿಗೆ: ಸ್ನಾತಕೋತ್ತರ ಪ್ರಬಂಧಕ್ಕೆ ಐಸಿಎಂಆರ್ ನೆರವು ಇದೆ. 1996ರಲ್ಲಿ ಸ್ಥಾಪನೆಯಾದ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಹಣ ಕೊಡುತ್ತೆ. ಭಾರತೀಯ ಚರ್ಮ, ಲೈಂಗಿಕ ರೋಗ ಮತ್ತು ಕುಷ್ಠರೋಗ ತಜ್ಞರ ಸಂಘ, ಅಂದ್ರೆ ಐಎಡಿವಿಎಲ್, ತನ್ನ ಸದಸ್ಯರಿಗೆ ಸಂಶೋಧನಾ ಅನುದಾನ ಮತ್ತು ತರಬೇತಿ ಫೆಲೋಶಿಪ್ ಕೊಡುತ್ತೆ.

ಚರ್ಮತಜ್ಞರಾದವರಿಗೆ: ಮಕ್ಕಳ ಚರ್ಮರೋಗದಲ್ಲೇ ಪ್ರತ್ಯೇಕ ಫೆಲೋಶಿಪ್ ತರಬೇತಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರಿನಲ್ಲಿದೆ. ಇದು ಮುಖ್ಯವಾಗಿ ತರಬೇತಿ, ಜೊತೆಗೆ ಸಂಶೋಧನೆಗೂ ದಾರಿ. ದೊಡ್ಡ ಮಟ್ಟದ ಸಂಶೋಧನೆಗೆ ಐಸಿಎಂಆರ್‌ನ ಯೋಜನಾ ಅನುದಾನಗಳಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್‌ನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್, ವೈದ್ಯರಿಗಾಗಿಯೇ ಪ್ರತ್ಯೇಕ ಫೆಲೋಶಿಪ್ ಇಟ್ಟಿದೆ.

ವಿಜ್ಞಾನ ಓದಿ ಪಿಎಚ್‌ಡಿ ಮಾಡೋರಿಗೆ: ವೈದ್ಯರೇ ಆಗಬೇಕಂತಿಲ್ಲ. ಚರ್ಮದ ಜೀನ್, ಶಿಲೀಂಧ್ರ, ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡೋರು ಹೆಚ್ಚಾಗಿ ಎಂಎಸ್ಸಿ ಮುಗಿಸಿದವರೇ. ನೆಟ್ ಪರೀಕ್ಷೆ ಬರೆದು ಜೂನಿಯರ್ ರಿಸರ್ಚ್ ಫೆಲೋಶಿಪ್‌ಗೆ ಆಯ್ಕೆಯಾದರೆ 2023ರ ಜನವರಿ 1ರಿಂದ ಜಾರಿಗೆ ಬಂದ ದರದ ಪ್ರಕಾರ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದ ಮೇಲೆ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ನಿಯಮದಂತೆ ಪ್ರತ್ಯೇಕ.

ಕಾಲೇಜುಗಳಿಗೆ, ಅಧ್ಯಾಪಕರಿಗೆ: ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಜಿಎಸ್‌ಟಿ ಯೋಜನೆಗಳಿವೆ. ಕೇಂದ್ರದಲ್ಲಿ 2023ರ ಕಾಯ್ದೆಯಡಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಹಿಂದಿನ ಎಸ್‌ಇಆರ್‌ಬಿ ಮಾಡುತ್ತಿದ್ದ ಕೆಲಸವನ್ನು ಈಗ ನೋಡಿಕೊಳ್ಳುತ್ತಿದೆ.

ಮೊತ್ತ, ಕೊನೇ ದಿನಾಂಕ, ವಯೋಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ. ಆಯಾ ಸಂಸ್ಥೆಯ ಅಧಿಕೃತ ವೆಬ್‌ಸೈಟ್ ಮತ್ತು ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ವಿಚಾರಿಸಿಯೇ ಅರ್ಜಿ ಹಾಕಿ. ಅನುದಾನ ಕೊಡಿಸ್ತೀನಿ ಅಂತ ಕಮಿಷನ್ ಕೇಳೋರು ಸಿಕ್ಕರೆ ಅಲ್ಲೇ ಕೈಮುಗಿದು ಎದ್ದು ಬನ್ನಿ.

ಒಬ್ಬ ತಾಯಿಯಿಂದ ಶುರುವಾದ ನಿಧಿ

ಹೊರದೇಶಗಳಲ್ಲಿ ಮಕ್ಕಳ ಚರ್ಮರೋಗಕ್ಕೇ ಮೀಸಲಾದ ಸಂಸ್ಥೆಗಳಿವೆ. ಅಮೆರಿಕದಲ್ಲಿ 1975ರಲ್ಲಿ ಶುರುವಾದ ಮಕ್ಕಳ ಚರ್ಮವೈದ್ಯರ ಸಂಘ ಮತ್ತು 2012ರಲ್ಲಿ ಹುಟ್ಟಿದ ಪೆಡ್ರಾ ಅನ್ನೋ ಸಂಶೋಧಕರ ಒಕ್ಕೂಟ ಅನುದಾನ ಕೊಡುತ್ತವೆ. ಮೀನಿನ ಹುರುಪೆಯಂತೆ ಚರ್ಮ ಏಳೋ ಇಕ್ತಿಯೋಸಿಸ್ ಕಾಯಿಲೆಗೆ ಫಸ್ಟ್ ಅನ್ನೋ ಸಂಸ್ಥೆ ಇದೆ.

ಇವುಗಳಲ್ಲಿ ನಮ್ಮ ಜನ ಕೇಳಲೇಬೇಕಾದ ಕತೆ ಡೆಬ್ರಾ ಸಂಸ್ಥೆಯದ್ದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಚರ್ಮ ಎಷ್ಟು ನಾಜೂಕು ಅಂದ್ರೆ, ಸ್ವಲ್ಪ ಉಜ್ಜಿದರೂ ಬೊಕ್ಕೆ ಎದ್ದು ಸುಲಿದುಹೋಗುತ್ತೆ. ಎಪಿಡರ್ಮೊಲಿಸಿಸ್ ಬುಲ್ಲೋಸಾ, ಚಿಕ್ಕದಾಗಿ ಇಬಿ ಅಂತಾರೆ. ವಂಶವಾಹಿಯಿಂದ ಬರೋದು, ಅಂಟುರೋಗ ಅಲ್ಲ, ಯಾರ ಶಾಪವೂ ಅಲ್ಲ. ಬ್ರಿಟನ್‌ನ ಫಿಲ್ಲಿಸ್ ಹಿಲ್ಟನ್ ಅವರ ಮಗಳು ಡೆಬ್ರಾಗೆ ಈ ಕಾಯಿಲೆ ಇತ್ತು. 1978ರಲ್ಲಿ ಆ ತಾಯಿ ಇತರ ಪೋಷಕರನ್ನು ಸೇರಿಸಿ ಮಗಳ ಹೆಸರಲ್ಲೇ ಸಂಸ್ಥೆ ಕಟ್ಟಿದರು. ಇವತ್ತು ಹಲವು ದೇಶಗಳಲ್ಲಿ ಡೆಬ್ರಾ ಸಂಘಟನೆಗಳಿದ್ದು, ಇಬಿ ಸಂಶೋಧನೆಗೆ ಹಣ ಕೂಡಿಸುತ್ತಿವೆ.

2015ರಲ್ಲಿ ಜರ್ಮನಿಯ ಬೋಖುಮ್ ಆಸ್ಪತ್ರೆಯಲ್ಲಿದ್ದ ಏಳು ವರ್ಷದ ಇಬಿ ಬಾಲಕನಿಗೆ, ಇಟಲಿಯ ಮೋಡೆನಾದಲ್ಲಿ ಜೀನ್ ಸರಿಪಡಿಸಿ ಬೆಳೆಸಿದ ಚರ್ಮವನ್ನು ದೇಹದ ಶೇ. 80ರಷ್ಟು ಭಾಗಕ್ಕೆ ಕಸಿ ಮಾಡಿದರು. ಹುಡುಗ ಶಾಲೆಗೆ ವಾಪಸ್ ಹೋದ. 2023ರ ಮೇ ತಿಂಗಳಲ್ಲಿ ಇಬಿಯ ಒಂದು ಬಗೆಗೆ ಗಾಯದ ಮೇಲೆ ಹಚ್ಚೋ ಜೀನ್ ಚಿಕಿತ್ಸೆಗೆ ಅಮೆರಿಕ ಅನುಮತಿ ಕೊಟ್ಟಿತು. ಇದು ತುಂಬಾ ದುಬಾರಿ, ನಮ್ಮೂರಿನ ಮಗುವಿಗೆ ತಲುಪೋದು ಇನ್ನೂ ದೂರ. ಆದರೆ 1978ರಲ್ಲಿ ಕೇಳಿದ್ದರೆ ಇದಾಗುತ್ತೆ ಅಂತ ನಂಬೋರೇ ಇರಲಿಲ್ಲ.

ವಿದೇಶಿ ಹಣದಲ್ಲಿ ಇಲ್ಲಿ ಆರೋಗ್ಯ ಸಂಶೋಧನೆ ಮಾಡಬೇಕಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು ಅನ್ನೋದು ನೆನಪಿರಲಿ.

ಅರ್ಜಿಯಲ್ಲಿ ಏನಿರಬೇಕು?

ಹೊಸಬರು ಮಾಡೋ ತಪ್ಪು, ದೊಡ್ಡ ಪ್ರಶ್ನೆ ಹಿಡಿಯೋದು. "ಮಕ್ಕಳ ಚರ್ಮರೋಗಗಳ ಸಮಗ್ರ ಅಧ್ಯಯನ" ಅಂತ ಬರೆದರೆ ಎರಡು ತಿಂಗಳಲ್ಲಿ ಮುಗಿಯಲ್ಲ. ಅದರ ಬದಲು: ಒಂದು ವಿದ್ಯಾರ್ಥಿ ನಿಲಯದಲ್ಲಿ ಕಜ್ಜಿ ಬಂದ ಮಕ್ಕಳ ಪೈಕಿ ಎಷ್ಟು ಮಂದಿಯ ಕೊಠಡಿಯ ಜೊತೆಗಾರರಿಗೂ ಚಿಕಿತ್ಸೆ ಆಗಿದೆ? ಹುಳುಕಡ್ಡಿಗೆ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಎಷ್ಟು ಮಂದಿ ಅದಕ್ಕೂ ಮೊದಲು ಸ್ಟಿರಾಯ್ಡ್ ಬೆರೆತ ಟ್ಯೂಬ್ ಹಚ್ಚಿದ್ದರು? ಇಂಥ ಪ್ರಶ್ನೆಗೆ ನಮ್ಮ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗವೇ ಸಾಕು.

ಪ್ರಶ್ನೆ, ವಿಧಾನ, ಎಷ್ಟು ಮಕ್ಕಳು, ಯಾವ ಖರ್ಚಿಗೆ ಎಷ್ಟು, ಉತ್ತರ ಸಿಕ್ಕರೆ ಯಾರಿಗೆ ಉಪಯೋಗ: ಈ ಐದು ಸ್ಪಷ್ಟ ಇರಬೇಕು. ಕೆಲಸ ಶುರು ಮಾಡೋ ಮೊದಲು ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಕಡ್ಡಾಯ.

ನಿಮ್ಮ ಮಗುವನ್ನು ಸಂಶೋಧನೆಗೆ ಕೇಳಿದರೆ?

ಆಸ್ಪತ್ರೆಯಲ್ಲಿ "ಒಂದು ಸ್ಟಡಿ ಇದೆ, ಸೇರಿಸ್ತೀರಾ" ಅಂತ ಕೇಳಬಹುದು. ಹೆದರೋದೂ ಬೇಡ, ಓದದೆ ಸಹಿ ಹಾಕೋದೂ ಬೇಡ. ಇವಿಷ್ಟು ತಿಳಿದಿರಲಿ:

- ನಿಮಗೆ ಅರ್ಥವಾಗೋ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.
- ಪೋಷಕರ ಒಪ್ಪಿಗೆ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ 7ರಿಂದ 11 ವರ್ಷದ ಮಕ್ಕಳನ್ನು ಪೋಷಕರ ಎದುರಲ್ಲಿ ಬಾಯಿಮಾತಲ್ಲಿ ಕೇಳಬೇಕು, 12ರಿಂದ 18 ವರ್ಷದವರಿಂದ ಲಿಖಿತವಾಗಿ ಪಡೆಯಬೇಕು.
- ಯಾವಾಗ ಬೇಕಾದರೂ ಹೊರಗೆ ಬರಬಹುದು. ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.
- ಔಷಧದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೇಳಿ. ಈ ನೋಂದಣಿ 2009ರ ಜೂನ್‌ನಿಂದ ಕಡ್ಡಾಯ.
- ಹೊಸ ಔಷಧದ ಪ್ರಯೋಗದಿಂದ ಮಗುವಿಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ.
- ಚರ್ಮದ ಫೋಟೋ ತೆಗೆಯೋ ಮುಂಚೆ ಎಲ್ಲಿ ಬಳಸ್ತಾರೆ, ಮುಖ ಕಾಣುತ್ತಾ ಅಂತ ಕೇಳಿ. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚ ಬೇಡ, ಬೇಡ ಅನಿಸಿದರೆ ಬೇಡ ಅನ್ನಿ.

ಚಿಕಿತ್ಸೆಯ ನೆರವು ಬೇರೆ

ಸಂಶೋಧನಾ ಅನುದಾನ ಅಂದ್ರೆ ನಿಮ್ಮ ಮಗುವಿನ ಆಸ್ಪತ್ರೆ ಬಿಲ್ಲಿಗೆ ಸಿಗೋ ಹಣ ಅಲ್ಲ. ಅದಕ್ಕೆ ದಾರಿ ಬೇರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಕಜ್ಜಿ, ಶಿಲೀಂಧ್ರ ಸೋಂಕು, ಇಸುಬು ಕೂಡ ಇವೆ. ತಂಡ ಬರೋ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಪಟ್ಟಿಯಲ್ಲಿರೋ ಕಾಯಿಲೆಗಳಿಗೆ ಮಾತ್ರ, ಅದೂ ಗೊತ್ತುಪಡಿಸಿದ ಕೇಂದ್ರಗಳ ಮೂಲಕ.

ಅಂಗಡಿಯವರೂ ಇದರಲ್ಲಿ ಪಾಲುದಾರರು

ಔಷಧ ಅಂಗಡಿಯವರಿಗೆ ಒಂದು ಮಾತು. ಹುಳುಕಡ್ಡಿಗೆ ಸ್ಟಿರಾಯ್ಡ್ ಬೆರೆತ ಟ್ಯೂಬ್ ಕೊಟ್ಟರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತೆ, ಗಿರಾಕಿ ಖುಷಿಯಾಗ್ತಾರೆ. ಆದರೆ ಒಳಗೊಳಗೇ ಶಿಲೀಂಧ್ರ ಹರಡುತ್ತೆ, ಚರ್ಮ ತೆಳುವಾಗುತ್ತೆ, ತಿಂಗಳಲ್ಲಿ ಅದೇ ಮಗು ಮೈತುಂಬ ಕಲೆ ಹೊತ್ತು ಬರುತ್ತೆ. ಚೀಟಿ ಕೇಳೋದು ಕಾನೂನು ಮಾತ್ರ ಅಲ್ಲ, ಊರಿನ ಮಗುವಿನ ಮೇಲಿನ ಕಾಳಜಿ. ನಾಳೆ ಯಾರಾದರೂ ವಿದ್ಯಾರ್ಥಿ ಬಂದು "ದಿನಕ್ಕೆ ಎಷ್ಟು ಜನ ಚೀಟಿ ಇಲ್ಲದೆ ಕ್ರೀಮ್ ಕೇಳ್ತಾರೆ" ಅಂತ ವಿಚಾರಿಸಿದರೆ ಹೆದರದೆ ಇದ್ದದ್ದು ಇದ್ದಹಾಗೆ ಹೇಳಿ. ಆ ಲೆಕ್ಕವೂ ಸಂಶೋಧನೆಯೇ.

ಮನೆಯವರು ಮಾಡಬಹುದಾದ್ದೂ ಇದೆ. ಮಗುವಿಗೆ ಇದುವರೆಗೆ ಹಚ್ಚಿದ ಟ್ಯೂಬ್‌ಗಳ ಖಾಲಿ ಡಬ್ಬಿ ಎಸೆಯಬೇಡಿ, ಒಂದು ಚೀಲದಲ್ಲಿ ಹಾಕಿಟ್ಟು ಡಾಕ್ಟರಿಗೆ ತೋರಿಸಿ. ಬೋರ್ಡೋದಲ್ಲಿ ಆಗಿದ್ದೂ ಅದೇ. ಯಾವ ಮಗುವಿಗೆ ಯಾವ ಔಷಧ ಕೊಟ್ಟಾಗ ಏನಾಯ್ತು ಅಂತ ಒಬ್ಬರು ಗಮನಿಸಿದರು, ಬರೆದಿಟ್ಟರು. ನಿಮ್ಮ ಮನೆಯಲ್ಲಿ ಮೆಡಿಕಲ್ ಓದೋ ಮಗ, ಮಗಳು ಇದ್ದರೆ ಈ ಸಲ ರಜೆಗೆ ಬಂದಾಗ ಎಸ್‌ಟಿಎಸ್ ಅರ್ಜಿ ಯಾವಾಗ ಅಂತ ಒಂದು ಮಾತು ಕೇಳಿ ನೋಡಿ.